ಪಿಕಪ್ಪಿಗೆ ಎಷ್ಟು ಕಲ್ಲು, ಹಿಂದೆ ಎಷ್ಟು ಟ್ರೇಲರ್?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಅಡಿಕೆ ಕೃಷಿಕ. ನನ್ನಲ್ಲಿ 1.3 ಟನ್ನಿನ ಪಿಕಪ್ ಇದೆ. ಆರ್‌ಸಿಯಲ್ಲಿ ಲೇಡನ್ ವೇಟ್ 2,990 ಕೆ.ಜಿ., ಅನ್‌ಲೇಡನ್ ವೇಟ್ 1,690 ಕೆ.ಜಿ. ಅಂತ ಇದೆ. ಮನೆ ಕಟ್ಟಲು 12 ಕಿ.ಮೀ. ದೂರದ ಕೋರೆಯಿಂದ ಮುರಕಲ್ಲು ತರುತ್ತಿದ್ದೇವೆ, ಒಂದು ಟ್ರಿಪ್ಪಿಗೆ 70 ಕಲ್ಲು. ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸಿದ್ದೇನೆ, ಗಾಡಿ ಕೂರುವುದಿಲ್ಲ, ಎಂಜಿನ್ ಆರಾಮವಾಗಿ ಎಳೆಯುತ್ತದೆ. ದುಬೈಯಲ್ಲಿರುವ ಮಗ ಅಲ್ಲಿ ಓಡುವ ಅಮೆರಿಕದ ದೊಡ್ಡ ಪಿಕಪ್ಪುಗಳ ವಿಡಿಯೊ ಕಳುಹಿಸುತ್ತಾನೆ. ನಾವೂ ಒಂದು ಹುಕ್ ವೆಲ್ಡ್ ಮಾಡಿಸಿ ಟ್ರೇಲರ್ ಕಟ್ಟಿದರೆ ಜನರೇಟರ್, ನೀರಿನ ಟ್ಯಾಂಕ್ ಎಲ್ಲ ಒಂದೇ ಸಲ ಭಾಗಮಂಡಲದ ತೋಟಕ್ಕೆ ಒಯ್ಯಬಹುದು ಎನ್ನುತ್ತಾನೆ. ಈ ಗಾಡಿ ನಿಜವಾಗಿ ಎಷ್ಟು ಹೊರಬಹುದು, ಎಷ್ಟು ಎಳೆಯಬಹುದು? ಇದನ್ನು ಕೊಟ್ಟು 1.7 ಟನ್ನಿನದ್ದು ತೆಗೆದುಕೊಳ್ಳಲೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 70 ಕಲ್ಲು ನಿಮ್ಮ ಗಾಡಿಗೆ ಹೆಚ್ಚು ಕಡಿಮೆ ಎರಡು ಟ್ರಿಪ್ಪಿನ ಲೋಡು. ದಯವಿಟ್ಟು ನಾಳೆಯಿಂದಲೇ ಅರ್ಧ ಮಾಡಿ. ಹುಕ್ ವೆಲ್ಡ್ ಮಾಡಿಸಬೇಡಿ. 1.7 ಟನ್ನಿನ ಗಾಡಿಯ ವಿಚಾರವನ್ನು ಆಮೇಲೆ ಹೇಳುತ್ತೇನೆ, ಅದರಲ್ಲಿ ಗಡಿ ದಾಟುವವರು ತಿಳಿದಿರಬೇಕಾದ ಒಂದು ವಿಷಯ ಇದೆ.

ಲೆಕ್ಕ ನೋಡೋಣ. ಲೇಡನ್ ವೇಟ್ ಎಂದರೆ ಗಾಡಿ, ಸಾಮಾನು, ಡ್ರೈವರ್, ಪಕ್ಕದಲ್ಲಿ ಕೂತವರು, ಸ್ಟೆಪ್ನಿ ಪಕ್ಕ ತುರುಕಿದ ಹಾರೆ, ಪಿಕ್ಕಾಸು ಎಲ್ಲ ಸೇರಿ ಗರಿಷ್ಠ ತೂಕ. ಖಾಲಿ ಗಾಡಿಯ ತೂಕ ಕಳೆದರೆ ನಿಮಗೆ ಉಳಿಯುವುದು 1,300 ಕೆ.ಜಿ. ಇದು ಪೂರ್ತಿ ಕಲ್ಲಿಗೆ ಅಂತ ತಿಳಿಯಬೇಡಿ. ನೀವು ಮತ್ತು ಒಬ್ಬ ಆಳು ಕೂತರೆ 140 ಕೆ.ಜಿ. ಹೋಯಿತು. ಸಲಕರಣೆ 20 ಕೆ.ಜಿ. ಉಳಿದದ್ದು 1,140.

ಮುರಕಲ್ಲಿನ ತೂಕ ಅಳತೆಯ ಮೇಲೆ ಹೋಗುತ್ತದೆ. ಸದ್ಯಕ್ಕೆ ಒಂದಕ್ಕೆ 32 ಕೆ.ಜಿ. ಅಂತ ಹಿಡಿಯೋಣ. ಆಗ 35 ಕಲ್ಲಿಗೆ 1,120 ಕೆ.ಜಿ. ನಿಮ್ಮ ಮಿತಿ ಅಷ್ಟೇ. 70 ಕಲ್ಲು ಎಂದರೆ 2,240 ಕೆ.ಜಿ. ಗಾಡಿಯ ತೂಕ, ಇಬ್ಬರ ತೂಕ ಸೇರಿಸಿದರೆ ರಸ್ತೆಯಲ್ಲಿ ಹೋಗುತ್ತಿರುವುದು 4,070 ಕೆ.ಜಿ. ಮಿತಿಗಿಂತ 1,080 ಕೆ.ಜಿ. ಜಾಸ್ತಿ. ನಿಮ್ಮ ಕೋರೆಯ ಕಲ್ಲು ಎಷ್ಟು ತೂಗುತ್ತದೆ ಎನ್ನುವುದನ್ನು ಅಡಿಕೆ ತೂಗುವ ತಕ್ಕಡಿಯಲ್ಲೇ ಹತ್ತು ಕಲ್ಲು ಇಟ್ಟು ನೋಡಿ, ಸರಾಸರಿ ತೆಗೆಯಿರಿ. ಮುರಕಲ್ಲಿನ ಮೈಯೆಲ್ಲ ತೂತು. ಮಳೆಯಲ್ಲಿ ನೆನೆದ ಕಲ್ಲು ಬೇಸಿಗೆಯ ಕಲ್ಲಿಗಿಂತ ಚೆನ್ನಾಗಿಯೇ ಭಾರ ಇರುತ್ತದೆ. ಏಪ್ರಿಲ್‌ನಲ್ಲಿ ಹಾಕಿದ ಲೆಕ್ಕ ಜೂನ್‌ನಲ್ಲಿ ನಡೆಯುವುದಿಲ್ಲ.

‘ಎಂಜಿನ್ ಆರಾಮವಾಗಿ ಎಳೆಯುತ್ತದೆ’ ಎಂದು ಬರೆದಿದ್ದೀರಿ. ನಿಜ, ಎಳೆಯುತ್ತದೆ. ಈಗಿನ ಡೀಸೆಲ್ ಎಂಜಿನ್‌ಗಳಿಗೆ ಅಷ್ಟು ದಮ್ಮು ಇದೆ. ಆದರೆ ಲೋಡಿನ ಮಿತಿಯನ್ನು ಎಂಜಿನ್ ನೋಡಿ ನಿಗದಿ ಮಾಡುವುದಿಲ್ಲ. ಟೈರು, ಆ್ಯಕ್ಸಲ್, ಬೇರಿಂಗ್, ಸ್ಪ್ರಿಂಗು, ಚಾಸಿ, ಬ್ರೇಕು ಎಲ್ಲದಕ್ಕೂ ಅದರದ್ದೇ ಮಿತಿ ಇದೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಗಾಡಿಯ ಮಿತಿ. ಎಂಜಿನ್ ಸೋತರೆ ಗಾಡಿ ಏರಿನಲ್ಲಿ ನಿಲ್ಲುತ್ತದೆ, ಅಷ್ಟೇ. ಬ್ರೇಕೋ ಟೈರೋ ಸೋತರೆ ಗಾಡಿ ನಿಲ್ಲುವುದೇ ಇಲ್ಲ.

ಇನ್ನು ಆ ಎರಡು ಪ್ಲೇಟುಗಳ ವಿಚಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ನಮ್ಮೂರಲ್ಲಿ ಪಿಕಪ್ ತೆಗೆದುಕೊಂಡ ಕೂಡಲೇ ಪ್ಲೇಟು ಹಾಕಿಸುವುದು ಪೂಜೆ ಮಾಡಿಸಿದಷ್ಟೇ ಸಹಜ ಆಗಿಬಿಟ್ಟಿದೆ. ಪ್ಲೇಟು ಹಾಕಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ, ಹಿಂಭಾಗ ಕೂರುವುದಿಲ್ಲ. ಆದರೆ ಆ್ಯಕ್ಸಲ್ ಹೌಸಿಂಗ್ ಅದೇ. ಹಬ್ಬಿನ ಬೇರಿಂಗ್ ಅದೇ. ಬ್ರೇಕ್ ಡ್ರಮ್ಮು, ಲೈನರ್, ಟೈರು ಎಲ್ಲ ಕಂಪನಿಯಿಂದ ಬಂದವೇ. ಭಾರ ಕಡಿಮೆಯಾಗಲಿಲ್ಲ, ಭಾರ ಕಾಣದ ಹಾಗಾಯಿತು.

ಇನ್ನೊಂದು ಅಪಾಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿ. ಅನೇಕ ಪಿಕಪ್ಪುಗಳಲ್ಲಿ ಚಾಸಿಯಿಂದ ಹಿಂದಿನ ಆ್ಯಕ್ಸಲ್ಲಿಗೆ ಒಂದು ಸಣ್ಣ ರಾಡ್ ಅಥವಾ ಸ್ಪ್ರಿಂಗ್ ಇಳಿದಿರುತ್ತದೆ, ಅದರ ಮೇಲ್ತುದಿಯಲ್ಲಿ ಬ್ರೇಕ್ ಪೈಪುಗಳು ಬಂದು ಸೇರುವ ಒಂದು ವಾಲ್ವ್ ಇರುತ್ತದೆ. ಮೆಕ್ಯಾನಿಕ್‌ಗಳು ಅದಕ್ಕೆ ಎಲ್‌ಎಸ್‌ಪಿವಿ ಎನ್ನುತ್ತಾರೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರಕ್ಕೆ ಪೂರ್ತಿ ಬ್ರೇಕ್ ಕೊಟ್ಟರೆ ಅದು ಲಾಕ್ ಆಗಿ ಹಿಂಭಾಗ ಜಾರುತ್ತದೆ. ಹಾಗಾಗಿ ಈ ವಾಲ್ವ್ ಖಾಲಿ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಕಡಿಮೆ ಮಾಡುತ್ತದೆ. ಲೋಡು ಬಿದ್ದು ಚಾಸಿ ಕೆಳಗೆ ಕೂತಾಗ ಆ ರಾಡ್ ತಿರುಗಿ ಒತ್ತಡವನ್ನು ಪೂರ್ತಿ ಬಿಡುತ್ತದೆ. ಅಂದರೆ ಲೋಡು ಇದೆಯೋ ಇಲ್ಲವೋ ಎನ್ನುವುದು ಅದಕ್ಕೆ ಗೊತ್ತಾಗುವುದು ಗಾಡಿ ಎಷ್ಟು ಕೂತಿದೆ ಎನ್ನುವುದರಿಂದ. ನೀವು ಎರಡು ಪ್ಲೇಟು ಹಾಕಿಸಿ ಕೂರದ ಹಾಗೆ ಮಾಡಿದ್ದೀರಿ. ಈಗ 70 ಕಲ್ಲು ಹೇರಿದರೂ ಆ ವಾಲ್ವಿನ ಮಟ್ಟಿಗೆ ಗಾಡಿ ಅರ್ಧ ಖಾಲಿ. ಯಾವಾಗ ಹಿಂದಿನ ಬ್ರೇಕ್ ಅತಿ ಹೆಚ್ಚು ಬೇಕೋ ಆಗಲೇ ಅದು ಕಡಿಮೆ ಸಿಗುತ್ತದೆ. ನಿಮ್ಮ ಗಾಡಿಯಲ್ಲಿ ಈ ವಾಲ್ವ್ ಇದ್ದರೆ ಆ ಪ್ಲೇಟುಗಳನ್ನು ಬಿಚ್ಚಿಸಿ, ವಾಲ್ವಿನ ಸೆಟ್ಟಿಂಗನ್ನು ಕಂಪನಿಯ ಅಳತೆಗೆ ತರಿಸಿ. ಕೆಲವರು ರಾಡನ್ನೇ ಕಟ್ಟಿಹಾಕುತ್ತಾರೆ, ಅದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಖಾಲಿ ಬರುವಾಗ ಮಳೆಯಲ್ಲಿ ಗಾಡಿ ಗಿರಕಿ ಹೊಡೆಯುತ್ತದೆ.

ಟೈರಿನ ಮಿತಿಯನ್ನು ಟೈರೇ ಹೇಳುತ್ತದೆ. ಅಳತೆಯ ಪಕ್ಕದಲ್ಲಿ 108 ಅಥವಾ 112/110 ಅಂತ ಒಂದು ಅಂಕಿ, ಅದರ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಆ ಅಂಕಿಯೇ ಲೋಡ್ ಇಂಡೆಕ್ಸ್, ಅಂದರೆ ಟೈರು ಎಷ್ಟು ಹೊರಬಹುದು ಎನ್ನುವ ಗುರುತು. 104 ಇದ್ದರೆ ಒಂದು ಟೈರಿಗೆ 900 ಕೆ.ಜಿ., 108 ಇದ್ದರೆ 1,000, 112 ಇದ್ದರೆ 1,120. ಎರಡು ಅಂಕಿ ಇದ್ದರೆ ಮೊದಲನೆಯದು ಒಂದೊಂದೇ ಟೈರು ಇರುವ ಆ್ಯಕ್ಸಲ್ಲಿಗೆ, ಎರಡನೆಯದು ಜೋಡಿ ಟೈರಿಗೆ. ನಿಮ್ಮದು 108 ಆದರೆ ಹಿಂದಿನ ಎರಡು ಟೈರು ಸೇರಿ ಹೊರುವುದು 2,000 ಕೆ.ಜಿ. ಮಾತ್ರ, ಅದೂ ಹೇಳಿದಷ್ಟು ಗಾಳಿ ಇದ್ದರೆ. ಪಿಕಪ್ಪಿನ ತೊಟ್ಟಿ ಇರುವುದೇ ಹಿಂದಿನ ಆ್ಯಕ್ಸಲ್ಲಿನ ಸುತ್ತಮುತ್ತ. ಹಾಗಾಗಿ ಜಾಸ್ತಿ ಹೇರಿದ ಸಾವಿರ ಕಿಲೋ ನಾಲ್ಕು ಚಕ್ರಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ, ಬಹುಪಾಲು ಹಿಂದಿನ ಎರಡರ ಮೇಲೇ ಬೀಳುತ್ತದೆ. ಲೋಡು ಜಾಸ್ತಿ ಆದಷ್ಟೂ ಟೈರಿನ ಗೋಡೆ ಬಾಗಿ ಬಾಗಿ ಒಳಗೇ ಬಿಸಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ಟಾರ್ ರಸ್ತೆಯ ಬಿಸಿ ಬೇರೆ. ಟೈರು ಒಡೆಯುವುದು ಸಾಮಾನ್ಯವಾಗಿ ಲೋಡು ತುಂಬಿದ ಜಾಗದಲ್ಲಲ್ಲ, ಒಂದಷ್ಟು ದೂರ ಓಡಿ ಬಿಸಿಯೇರಿದ ಮೇಲೆ.

ಈಗ ಭಾಗಮಂಡಲದ ದಾರಿ. ಪಾಣತ್ತೂರು ದಾಟಿ ಕರಿಕೆಯ ಮೇಲೆ ಹೋಗುವ ಆ ಘಾಟಿ ನಿಮಗೆ ಗೊತ್ತೇ ಇದೆ. ಹೋಗುವಾಗ ಎಂಜಿನ್ನಿಗೆ ಕಷ್ಟ. ಬರುವಾಗ ಬ್ರೇಕಿಗೆ, ಅದೇ ನನಗೆ ಭಯ. ತೋಟದಿಂದ ವಾಪಸು ಬರುವಾಗ ಖಾಲಿ ಬರುವವರು ಯಾರು? ಸೌದೆಯೋ ಕಾಫಿಯೋ ಏನಾದರೂ ಹೇರಿಯೇ ಬರುತ್ತಾರೆ ಅಲ್ವಾ?

ಎತ್ತರದಿಂದ ಇಳಿಯುವ ಗಾಡಿಯ ಶಕ್ತಿಯೆಲ್ಲ ಎಲ್ಲಾದರೂ ಹೋಗಲೇಬೇಕು. ಬ್ರೇಕ್ ಹಿಡಿದೇ ಇಳಿಸಿದರೆ ಅದಷ್ಟೂ ಡ್ರಮ್ಮು, ಡಿಸ್ಕುಗಳಲ್ಲಿ ಬಿಸಿಯಾಗಿ ಬದಲಾಗುತ್ತದೆ. 500 ಮೀಟರ್ ಇಳಿತ ಅಂತ ಇಟ್ಟುಕೊಳ್ಳಿ. 2,990 ಕೆ.ಜಿ. ಗಾಡಿ ಇಳಿದರೆ ಹುಟ್ಟುವ ಬಿಸಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತದೆ. ಬಚ್ಚಲು ಮನೆಯ ಹಂಡೆ ತುಂಬ ನೀರು. ನಿಮ್ಮ 4,070 ಕೆ.ಜಿ. ಗಾಡಿಗಾದರೆ ಸುಮಾರು 68 ಲೀಟರ್. ಇಷ್ಟೂ ಬಿಸಿ ನಾಲ್ಕು ಚಕ್ರದ ಸಣ್ಣ ಕಬ್ಬಿಣದ ತುಂಡುಗಳಲ್ಲಿ, ಒಂದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ.

ಬಿಸಿ ಏರಿದಾಗ ಎರಡು ತೊಂದರೆ. ಒಂದು, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು, ಬ್ರೇಕ್ ಆಯಿಲ್ ಕುದಿಯುತ್ತದೆ. ಆಗ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎನ್ನುವುದು ಮಾನದಂಡ. ತೇವ ಹೀರಿಕೊಂಡ ಮೇಲೆ ಅದೇ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಈ ಆಯಿಲ್ ಗಾಳಿಯ ತೇವವನ್ನು ತಾನಾಗಿಯೇ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರವೇ? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಮೇಲಿಂದ ಟಾಪಪ್ ಮಾಡಿದರೆ ಪ್ರಯೋಜನವಿಲ್ಲ.

ಇಳಿಯುವ ಕ್ರಮ ಹಳೆಯ ಲಾರಿ ಡ್ರೈವರುಗಳಿಗೆಲ್ಲ ಗೊತ್ತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಬೇಕಾದರೆ ಅದಕ್ಕಿಂತ ಒಂದು ಕೆಳಗೆ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವುದು ಜೀವದ ಜೊತೆ ಆಟ. ಬ್ರೇಕನ್ನು ಒತ್ತಿಯೇ ಹಿಡಿಯುವ ಬದಲು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ, ತಣ್ಣಗಾಗಲಿ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕಾಯಿರಿ. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಸಮತಟ್ಟು ರಸ್ತೆಯಲ್ಲೂ ವ್ಯತ್ಯಾಸ ಕಡಿಮೆಯಲ್ಲ. 60 ಕಿ.ಮೀ. ವೇಗದಲ್ಲಿ, ಒಣ ರಸ್ತೆಯಲ್ಲಿ, ಸರಿಯಾದ ಲೋಡಿನ ಗಾಡಿ ಬ್ರೇಕ್ ಹಿಡಿದ ಮೇಲೆ 23 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಬ್ರೇಕು ಅಷ್ಟಕ್ಕೇ ತನ್ನ ಮಿತಿ ಮುಟ್ಟಿದ್ದರೆ, ನಿಮ್ಮ ಲೋಡಿಗೆ ಅದು 31 ಮೀಟರ್ ದಾಟುತ್ತದೆ. ಶಾಲೆ ಬಿಡುವ ಹೊತ್ತಿನಲ್ಲಿ ಬದಿಯಡ್ಕ ಪೇಟೆಯಲ್ಲಿ ಆ 8 ಮೀಟರಿನೊಳಗೆ ಯಾರೆಲ್ಲ ಇರಬಹುದು ಅಂತ ಒಮ್ಮೆ ಯೋಚಿಸಿ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಮಗ ಕಳುಹಿಸಿದ ವಿಡಿಯೊಗಳು ಸುಳ್ಳಲ್ಲ. ಅಮೆರಿಕದ ಹೆವಿ ಡ್ಯೂಟಿ ಪಿಕಪ್ಪುಗಳು 10 ಟನ್ನಿಗಿಂತ ಜಾಸ್ತಿ ಎಳೆಯುವುದೂ ನಿಜ. ಆದರೆ ಆ ಗಾಡಿಗಳೇ ಬೇರೆ ಜಾತಿ. ಫೋರ್ಡ್ ಎಫ್-350ಯ ಜೋಡಿ ಟೈರಿನ ಮಾದರಿಯ ಲೇಡನ್ ವೇಟ್ 6,350 ಕೆ.ಜಿ.ವರೆಗೆ ಹೋಗುತ್ತದೆ, ನಿಮ್ಮದರ ಎರಡು ಪಟ್ಟಿಗೂ ಮೇಲೆ. ಅಲ್ಲಿ ಗಾಡಿ ಮತ್ತು ಟ್ರೇಲರ್ ಎರಡರ ಒಟ್ಟು ತೂಕಕ್ಕೂ ಪ್ರತ್ಯೇಕ ಮಿತಿ ಇದೆ, ಅದಕ್ಕೆ ಜಿಸಿಡಬ್ಲ್ಯೂಆರ್ ಎನ್ನುತ್ತಾರೆ. ಟ್ರೇಲರಿಗೆ ಅದರದ್ದೇ ಬ್ರೇಕ್ ಇರುತ್ತದೆ, ಅದನ್ನು ಡ್ರೈವರ್ ಸೀಟಿನಿಂದಲೇ ನಿಯಂತ್ರಿಸಬಹುದು. ಮೊದಲು ಒಂದೊಂದು ಕಂಪನಿ ತನಗೆ ತೋಚಿದ ರೀತಿಯಲ್ಲಿ ಎಳೆಯುವ ತೂಕ ಹೇಳುತ್ತಿತ್ತು. ಅದಕ್ಕೆ 2008ರಲ್ಲಿ ಎಸ್‌ಎಇ ಜೆ2807 ಎಂಬ ಸಮಾನ ಪರೀಕ್ಷೆ ಬಂತು. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಸುಮಾರು 18 ಕಿ.ಮೀ. ಏರು ಅದಕ್ಕೆ ಅಳತೆಗೋಲು. ಸುಡು ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿ, ಟ್ರೇಲರ್ ಎಳೆದುಕೊಂಡು ಹತ್ತಬೇಕು. ಹಿಂದೆ ಒಂದೊಂದೇ ಟೈರಿನ ಗಾಡಿಯ ವೇಗ ಗಂಟೆಗೆ 64 ಕಿ.ಮೀ.ಗಿಂತ, ಜೋಡಿ ಟೈರಿನದ್ದು 56 ಕಿ.ಮೀ.ಗಿಂತ ಕೆಳಗೆ ಬರಬಾರದು. ಏರಿನಲ್ಲಿ ಹೊರಡುವುದು, ಬ್ರೇಕ್ ಹಿಡಿದು ನಿಲ್ಲುವುದು, ಓಲಾಡದೆ ಹೋಗುವುದು ಎಲ್ಲಕ್ಕೂ ಪರೀಕ್ಷೆ ಇದೆ. ವಿಡಿಯೊದಲ್ಲಿ ಕಾಣುವ ಅಂಕಿ ಇಷ್ಟೆಲ್ಲ ಆದ ಮೇಲೆ ಬಂದದ್ದು.

ಅಲ್ಲೂ ಜನ ಒಂದು ಕಡೆ ಎಡವುತ್ತಾರೆ. ಟ್ರೇಲರ್ ಎಂದರೆ ಪೂರ್ತಿ ಭಾರ ಅದರ ಚಕ್ರದ ಮೇಲೆಯೇ ಇರುತ್ತದೆ ಅಂತ ಅಂದುಕೊಳ್ಳುತ್ತಾರೆ. ಇಲ್ಲ. ಮಾಮೂಲಿ ಟ್ರೇಲರಿನ ತೂಕದ 10ರಿಂದ 15 ಶೇಕಡಾ ಹುಕ್ಕಿನ ಮೇಲೆ ಕೂರಬೇಕು. ಕೂರದಿದ್ದರೆ, ಅಂದರೆ ಟ್ರೇಲರಿನ ಹಿಂಭಾಗಕ್ಕೆ ಭಾರ ಜಾಸ್ತಿ ಆದರೆ, ಅದು ಬಾಲದ ಹಾಗೆ ಆಡಲು ಶುರು ಮಾಡುತ್ತದೆ. ಎನ್‌ಎಚ್ 66ರಲ್ಲಿ ಒಂದು ವೋಲ್ವೊ ಬಸ್ಸು ಪಕ್ಕದಲ್ಲಿ ರಭಸವಾಗಿ ಹೋದರೆ ಆ ಗಾಳಿಯೇ ಸಾಕು. ಕೂತರೆ, ಆ ಭಾರ ನಿಮ್ಮ ಪಿಕಪ್ಪಿನ 1,300 ಕೆ.ಜಿ.ಯೊಳಗೆ ಲೆಕ್ಕ. 1,200 ಕೆ.ಜಿ. ಟ್ರೇಲರ್ ಎಂದರೆ ಹುಕ್ಕಿನ ಮೇಲೆ 150 ಕೆ.ಜಿ. ಅಂತ ಹಿಡಿಯಿರಿ. ಹುಕ್ಕು ಹಿಂದಿನ ಆ್ಯಕ್ಸಲ್ಲಿನಿಂದ 1.2 ಮೀಟರ್ ಹಿಂದೆ, ಎರಡು ಆ್ಯಕ್ಸಲ್ಲುಗಳ ನಡುವೆ 3 ಮೀಟರ್ ಅಂತರ. ಆಗ ಹಿಂದಿನ ಆ್ಯಕ್ಸಲ್ಲಿಗೆ 150 ಅಲ್ಲ, 210 ಕೆ.ಜಿ. ಬೀಳುತ್ತದೆ, ಮುಂದಿನದರಿಂದ 60 ಕೆ.ಜಿ. ಎತ್ತಿಹೋಗುತ್ತದೆ. ಸ್ಟೇರಿಂಗು ತಿರುಗಿಸುವ ಚಕ್ರವೇ ಹಗುರ. ಕರಿಕೆಯ ತಿರುವಿನಲ್ಲಿ, ಮಳೆಯಲ್ಲಿ, ಇದು ಬೇಕಾ?

ಬ್ರೇಕ್ ಇಲ್ಲದ ಟ್ರೇಲರಿಗೆ ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 750 ಕೆ.ಜಿ. ಗಡಿ. ಅದಕ್ಕಿಂತ ಜಾಸ್ತಿ ಆದರೆ ಟ್ರೇಲರಿಗೆ ಬ್ರೇಕ್ ಬೇಕೇ ಬೇಕು. ನಮ್ಮಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಟ್ರೇಲರಿಗೆ ಬ್ರೇಕ್ ಎಲ್ಲಿಂದ ಬರಬೇಕು, ಮಾರಾಯ್ರೆ? ಕಾನೂನಿನ ಪ್ರಕಾರವೂ ಟ್ರೇಲರ್ ಒಂದು ಬೇರೆ ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಚಾಸಿಗೆ ವೆಲ್ಡ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ಮಾರ್ಪಾಡು ಮಾಡಿದ ತಕರಾರು ಬರಬಹುದು, ವೆಲ್ಡಿನ ಬಿಸಿಗೆ ಆ ಜಾಗದಲ್ಲಿ ಚಾಸಿಯ ಉಕ್ಕು ದುರ್ಬಲ ಆಗುವುದು ಬೇರೆ. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಳೆಯಬಹುದಾದ ತೂಕ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಉತ್ತರ ಸೊನ್ನೆ ಅಂತಲೇ ತಿಳಿಯಿರಿ. ಜನರೇಟರನ್ನು ತೊಟ್ಟಿಯಲ್ಲೇ ಇಟ್ಟು ಒಯ್ಯಿರಿ.

ನೀರಿನ ಟ್ಯಾಂಕಿನ ಬಗ್ಗೆ ಒಂದು ಮಾತು. ಸಾವಿರ ಲೀಟರ್ ನೀರು ಎಂದರೆ ಸಾವಿರ ಕಿಲೋ, ಇದು ಎಲ್ಲರಿಗೂ ಗೊತ್ತು. ಅರ್ಧ ತುಂಬಿದ ಟ್ಯಾಂಕು ತುಂಬಿದ್ದಕ್ಕಿಂತ ಕೆಟ್ಟದಾಗಿ ಆಡುತ್ತದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ತಿರುವಿನಲ್ಲಿ 500 ಕಿಲೋ ನೀರು ಒಂದೇ ಸಲ ಹೊರಬದಿಗೆ ಓಡುತ್ತದೆ, ನೀವು ಸ್ಟೇರಿಂಗ್ ನೇರ ಮಾಡಿದ ಮೇಲೂ ವಾಪಸು ಬಂದು ಬಡಿಯುತ್ತದೆ. ಮನೆಗೆ ಇಡುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಒಳಗೆ ನೀರನ್ನು ತಡೆಯುವ ಅಡ್ಡಗೋಡೆ ಇರುವುದಿಲ್ಲ. ಘಾಟಿಗೆ ಟ್ಯಾಂಕನ್ನು ಖಾಲಿಯಾಗಿಯೇ ಒಯ್ಯಿರಿ. ಊರೊಳಗೆ ಬೇಸಿಗೆಯಲ್ಲಿ ನೀರು ಸಾಗಿಸುವಾಗ ಸಾವಿರ ಲೀಟರಿನ ಒಂದು ಟ್ಯಾಂಕಿನ ಬದಲು ಸಣ್ಣ ಎರಡು ಮೂರು ಟ್ಯಾಂಕು ಇಟ್ಟು, ಒಂದೊಂದನ್ನೂ ಪೂರ್ತಿ ತುಂಬಿಸಿ, ಬೆಲ್ಟ್ ಹಾಕಿ ಬಿಗಿಯಿರಿ.

ಕಲ್ಲು ಜೋಡಿಸುವಾಗ ಕ್ಯಾಬಿನ್ ಕಡೆಯಿಂದ ಶುರು ಮಾಡಿ. ಇಳಿಸಲು ಸುಲಭ ಅಂತ ಡೋರಿನ ಹತ್ತಿರ ರಾಶಿ ಹಾಕುತ್ತಾರೆ, ಅದರಿಂದ ಮುಂದಿನ ಚಕ್ರ ಹಗುರ ಆಗುತ್ತದೆ. ಲೋಡಿನ ನಡುಭಾಗ ಹಿಂದಿನ ಆ್ಯಕ್ಸಲ್ಲಿಗಿಂತ ಸ್ವಲ್ಪ ಮುಂದೆ ಬರಬೇಕು.

1.7 ಟನ್ನಿನ ಗಾಡಿಯ ಪ್ರಶ್ನೆ. ನಿಮ್ಮ ಗಾಡಿಯ ಲೇಡನ್ ವೇಟ್ 2,990ಕ್ಕೆ ನಿಂತಿರುವುದು ಸುಮ್ನೆ ಅಲ್ಲ. ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲಕ್ಕೋ ಪುತ್ತೂರಿಗೋ ಅಡಿಕೆ ಒಯ್ಯುವ ನಮ್ಮಂಥ ಗಡಿಯವರಿಗೆ ಇದು ದೊಡ್ಡ ಅನುಕೂಲ. ಲೇಡನ್ ವೇಟ್ 3,000 ದಾಟಿದ ಗಾಡಿಗೆ ಪರ್ಮಿಟ್ ಬೇಕಾಗುತ್ತದೆ, ರಾಜ್ಯ ದಾಟಲು ಅದಕ್ಕೆ ತಕ್ಕ ಪರ್ಮಿಟ್ ಮಾಡಿಸಬೇಕಾಗುತ್ತದೆ. ಲೈಸೆನ್ಸಿನ ಚಿಂತೆ ಬೇಡ. 7,500 ಕೆ.ಜಿ.ವರೆಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಮನೆಯ ಕಲ್ಲಿಗಾಗಿ ಗಾಡಿ ಬದಲಿಸಬೇಡಿ. ಕಲ್ಲನ್ನು ಎರಡು ಟ್ರಿಪ್ ಮಾಡಿ. ಜಾಸ್ತಿ ಇದ್ದ ದಿನ ಒಂದು 407 ಮಿನಿ ಲಾರಿ ಬಾಡಿಗೆಗೆ ಹೇಳಿ.

ಎರಡನೇ ಟ್ರಿಪ್ಪಿಗೆ ಹೋಗಿಬರಲು 24 ಕಿ.ಮೀ. ಎರಡು ಲೀಟರ್ ಡೀಸೆಲ್ಲು, ಸ್ವಲ್ಪ ಸಮಯ. ಓವರ್‌ಲೋಡಿಗೆ 194ನೇ ಸೆಕ್ಷನ್ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಜಾಸ್ತಿ ಇರುವ ಲೋಡನ್ನು ಅಲ್ಲೇ ನಿಮ್ಮ ಖರ್ಚಿನಲ್ಲಿ ಇಳಿಸದೆ ಗಾಡಿ ಬಿಡುವಂತಿಲ್ಲ. ತೂಕ ಮಾಡಿಸಲು ನಿಲ್ಲಿಸದೆ ಹೋದರೆ 40,000. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರಗಳು ನಿಗದಿ ಮಾಡುವುದರಿಂದ ಕೇರಳದಲ್ಲೂ ಕರ್ನಾಟಕದಲ್ಲೂ ಒಂದೇ ಇರಬೇಕು ಅಂತೇನಿಲ್ಲ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೂ ಲೋಡು ಎಷ್ಟಿತ್ತು ಅಂತಲೇ.

ಈ ವಾರ ಒಂದು ಕೆಲಸ ಮಾಡಿ. 35 ಕಲ್ಲು ಹೇರಿಕೊಂಡು, ನೀವಿಬ್ಬರೂ ಕೂತು, ಹತ್ತಿರದ ವೇ ಬ್ರಿಜ್ಜಿಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ ಹತ್ತಿಸಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಆ್ಯಕ್ಸಲ್ಲಿನ ತೂಕ ಸಿಗುತ್ತದೆ. ಅದನ್ನು ಟೈರಿನ ಅಂಕಿಯ ಜೊತೆ, ಆರ್‌ಸಿಯಲ್ಲಿ ಆ್ಯಕ್ಸಲ್ ತೂಕ ಬರೆದಿದ್ದರೆ ಅದರ ಜೊತೆ ಹೋಲಿಸಿ ನೋಡಿ. ಇಷ್ಟು ದಿನ 70 ಕಲ್ಲು ಹೊತ್ತ ಗಾಡಿ ಆದ್ದರಿಂದ ಹಿಂದಿನ ಟೈರುಗಳ ಒಳ ಅಂಚು ಹೊರ ಅಂಚಿಗಿಂತ ಜಾಸ್ತಿ ಸವೆದಿದೆಯಾ ಅಂತ ಕೈಯಾಡಿಸಿ ನೋಡಿ. ಸವೆದಿದ್ದರೆ ಆ್ಯಕ್ಸಲ್ ಹೌಸಿಂಗ್ ಬಾಗಿರುವ ಸಾಧ್ಯತೆ ಇದೆ. ಹಬ್ಬಿನ ಬೇರಿಂಗ್, ವ್ಹೀಲ್ ಬೋಲ್ಟ್, ಸ್ಪ್ರಿಂಗಿನ ಯು ಬೋಲ್ಟ್, ಚಾಸಿಯಲ್ಲಿ ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಸುತ್ತ ಕೂದಲೆಳೆಯ ಬಿರುಕು, ಇಷ್ಟನ್ನೂ ಪ್ಲೇಟು ಬಿಚ್ಚುವ ದಿನವೇ ತೋರಿಸಿ. ವೇ ಬ್ರಿಜ್ಜಿನ ಎರಡು ಚೀಟಿ ಮತ್ತು ಟೈರಿನ ಪಕ್ಕದ ಒಂದು ಫೋಟೊ ಕಳುಹಿಸಿದರೆ ನಿಮ್ಮ ಗಾಡಿಯ ಲೆಕ್ಕವನ್ನು ಕಲ್ಲಿನ ಎಣಿಕೆಯಲ್ಲಿ, ಅಡಿಕೆ ಗೋಣಿಯ ಎಣಿಕೆಯಲ್ಲಿ ಬರೆದು ಕೊಡುತ್ತೇನೆ. ಕ್ಯಾಬಿನ್ನಿನಲ್ಲಿ ಅಂಟಿಸಿಟ್ಟುಕೊಳ್ಳಬಹುದು.